ಮೇಷ್ಟ್ರ ಬಾಯಲ್ಲಿ ಉಳಿದದ್ದು

ಆಸ್ಪತ್ರೆಯ ಕಾರಿಡಾರಿನಲ್ಲಿ ರಕ್ತದ ರಿಪೋರ್ಟಿಗೆ ಕಾಯುತ್ತಾ ಕೂತಿದ್ದೆ. ಅದೇ ಬೆಂಚಿನಲ್ಲಿ ಒಬ್ಬ ಹೆಂಗಸು, ಜೊತೆಗೆ ಆಕೆಯ ತಂದೆಯ ಹಳೇ ಶಿಷ್ಯ. ತಂದೆ ಪಾರ್ಶ್ವವಾಯು ಹೊಡೆದು ಒಳಗೆ ಮಲಗಿದ್ದರು.

"ಮೇಷ್ಟ್ರು ಮಾತಾಡ್ತಾರಾ, ಅಕ್ಕಾ?"

"ಹಳಗನ್ನಡ ಕಾವ್ಯ ಬಿಟ್ರೆ ಬೇರೇನೂ ಬಾಯಿಗೆ ಬರ್ತಿಲ್ಲ. ಬೆಳಗ್ಗಿಂದ ರಾಜರನ್ನ ಹೊಗಳೋ ಪದ್ಯಗಳೇ."

"ಆ ರಾಜರಿಗೆ ನೀರು ಹೊತ್ತವರ ಹೆಸರೆಲ್ಲಿ ಅಂತ ಕ್ಲಾಸಲ್ಲಿ ಗುಡುಗ್ತಿದ್ರು. ನಮಗೆ ಮಾರ್ಕ್ಸ್ ಓದಿಸಿದ್ದೇ ಅದಕ್ಕೆ."

"ಜೀವಮಾನವೆಲ್ಲ ಅದನ್ನೇ ಬರೆದ್ರು. ಅದರಲ್ಲಿ ಒಂದಕ್ಷರ ಉಳಿದಿಲ್ಲ ಕಣೋ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದಷ್ಟೇ ಉಳೀತು."

"ನೀರು ಬೇಕಾದ್ರೆ?"

"ಆಯಾನ ಕರೀತಾರೆ. ನಾಟಕದಲ್ಲಿ ರಾಜ ತೊತ್ತನ್ನ ಕರೀತಾನಲ್ಲ, ಅದೇ ಮಾತಲ್ಲಿ."

"ಅಯ್ಯೋ! ಆಕೆಗೆ ಗೊತ್ತಾಯ್ತಾ?"

"ಹಾಗಂದ್ರೇನಮ್ಮ ಅಂತ ಕೇಳಿದ್ಲು. ತಾಯಿ ಅಂತ ಅರ್ಥ ಅಂದ್ಬಿಟ್ಟೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಆಯಾ ಖಾಲಿ ಲೋಟ ಹಿಡಿದು ನಿಂತಿದ್ದಳು. ಮುಖದ ತುಂಬ ನಗು.

"ಬನ್ನಿ, ಒಳಗೆ ಬಿಡ್ತಾರಂತೆ. ಈಗಷ್ಟೇ ಮತ್ತೆ ಕರೆದ್ರು ನನ್ನ. ಇಷ್ಟು ವರ್ಷದಿಂದ ಇಲ್ಲಿ ದುಡೀತಿದೀನಿ, ತಾಯಿ ಅಂತ ಕರೆದವರು ಇವರೊಬ್ರೇ ಕಣಮ್ಮ."

ಮಗಳು ತಲೆ ಎತ್ತದೆ ಅವಳ ಹಿಂದೆ ಹೋದಳು. ಶಿಷ್ಯ ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.