ಅಕ್ಕನ ಟ್ಯಾಬಿನ ನೀಲಿ ಗೆರೆ

ನಮ್ಮ ಪಕ್ಕದ ಮನೆಯ, ಮೊಬೈಲ್ ರಿಪೇರಿ ಅಂಗಡಿಯ ಚಿಕ್ಕಮ್ಮ ಆ ಶನಿವಾರ ರಾತ್ರಿ ಭಾವನ ಮನೆಯಿಂದ ಒಬ್ಬಳೇ ನಡೆದು ಬರುತ್ತಿದ್ದಳು. ಹೊತ್ತು ಬಹಳವಾಗಿತ್ತು. ಹಳೆಯ ಬಾವಿಯ ತಿರುವು ಗೊತ್ತಲ್ಲ... ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿರುವ ಬಾವಿ. ಅಲ್ಲಿ ಬೀದಿದೀಪ ಇದ್ದೂ ಇಲ್ಲದ ಹಾಗೆ. ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್... ಅವಳು ಬಿರುಸಾಗಿ ಹೆಜ್ಜೆ ಹಾಕಿದಳು. ಜಾಲರಿಯ ಪಕ್ಕಕ್ಕೆ ಬಂದಳೋ ಇಲ್ಲವೋ, ಹೆಗಲ ಚೀಲದೊಳಗೆ ಏನೋ ನಡುಗಿತು.

ಗ್ರ್‌ರ್... ಒಂದೇ ಸಲ.

ಬೇರೆ ಯಾರಾದರೂ ಆಗಿದ್ದರೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದರು. ಇವಳು ಹಿಗ್ಗಿದಳು. ಯಾಕೆಂದರೆ ಚೀಲದಲ್ಲಿದ್ದದ್ದು ಕೆಟ್ಟು ಕೂತ ಟ್ಯಾಬ್. ವಾರದಿಂದ ದೀಪವಿಲ್ಲ, ಸದ್ದಿಲ್ಲ, ಚಾರ್ಜರ್ ಚುಚ್ಚಿದರೂ ಉಸಿರಿಲ್ಲ. ಅದು ನಡುಗಿತು ಎಂದರೆ ಒಳಗಿನ ಸರ್ಕ್ಯೂಟ್ ಹಲಗೆಯಲ್ಲಿ ಇನ್ನೂ ಜೀವ ಇದೆ ಎಂದರ್ಥ. "ಬದುಕಿದ್ದೀಯಾ ಮಹರಾಯ್ತಿ," ಎಂದು ಚೀಲ ತಟ್ಟಿದಳು.

ಟ್ಯಾಬ್ ಅವಳ ಅಕ್ಕನದು. ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಕಾಯಿಲೆಯ ಕೊನೆಯ ತಿಂಗಳುಗಳಲ್ಲಿ ನಿದ್ದೆ ಬಾರದೆ ಅಕ್ಕ ಆ ಟ್ಯಾಬಿನೊಂದಿಗೆ ಮಾತಾಡುತ್ತಿದ್ದಳಂತೆ. ನರ್ಸಿನ ಮೇಲೆ ದೂರು, ಎದುರುಮನೆಯವರ ಜಗಳ, ಮಗಳು ಪುಟ್ಟಿಯ ಹಲ್ಲು ಬಿದ್ದದ್ದು... ಬಾಯಿಗೆ ಬಂದದ್ದೆಲ್ಲ ಅದರಲ್ಲಿ ರೆಕಾರ್ಡ್ ಆಗಿತ್ತು. ಅವಳು ಹೋದಮೇಲೆ ಭಾವ ರಾತ್ರಿಯಿಡೀ ಅದನ್ನೇ ಕಿವಿಗಿಟ್ಟುಕೊಂಡು ಮಲಗುವನು. ಮಲಗುವುದೇನು ಬಂತು, ಬೆಳಗಿನ ಜಾವಕ್ಕೆ ಕಣ್ಣು ಮುಚ್ಚಿದರೆ ಮಧ್ಯಾಹ್ನವೇ ಏಳುವುದು. ಅವನ ಕನ್ನಡಕದ ಅಂಗಡಿ ತೆರೆದರೆ ತೆರೆಯಿತು, ಇಲ್ಲದಿದ್ದರೆ ಇಲ್ಲ. ಶನಿವಾರ, ಭಾನುವಾರ ಶಾಲೆಗೆ ರಜೆ; ಉಳಿದ ದಿನ ಪುಟ್ಟಿ ತಾನೇ ಒಂದು ಜಡೆ ಮೇಲೆ ಒಂದು ಜಡೆ ಕೆಳಗೆ ಹಾಕಿಕೊಂಡು ಶಾಲೆಗೆ ಓಡುವಳು. ಗೇಟು ಮುಚ್ಚಿದ್ದರೆ ವಾಪಸ್ಸು ಬಂದು ಮನೆಯ ಮೆಟ್ಟಿಲ ಮೇಲೆ ಕೂರುವಳು.

ಆ ರಾತ್ರಿ ಪುಟ್ಟಿ ಮಲಗಿದಮೇಲೆ ಭಾವ ನಾದಿನಿಯರ ಮಾತು ಪಿಸುದನಿಯಲ್ಲೇ ನಡೆದಿತ್ತು.

"ಇನ್ನೊಂದು ಕಡೆ ಕಾಪಿ ಮಾಡಿಡಿ ಅಂತ ಬಡ್ಕೊಂಡೆ ಭಾವ. ಮಾಡಿದ್ರಾ?"

"ನಾಳೆ ಮಾಡೋಣ, ನಾಳೆ ಮಾಡೋಣ ಅಂತ..."

"ನನ್ನ ಕೈಗಾದ್ರೂ ಕೊಡ್ಬಹುದಿತ್ತಲ್ಲ? ನಂಗೂ ಅಕ್ಕನೇ ತಾನೆ ಅವಳು? ಒಂದೇ ಒಂದು ಸಲ ಕೇಳಿಸ್ಲಿಲ್ಲ ನೀವು."

ಭಾವ ಗೋಡೆ ನೋಡುತ್ತ ಹೇಳಿದ: "ಹೇಗಾದ್ರೂ ಮಾಡಿ ಉಳಿಸಿಕೊಡು. ಇದೂ ಹೋದ್ರೆ ಅವಳು ಎರಡನೇ ಸಲ ಹೋದ ಹಾಗೆ."

ಮನೆಗೆ ಬಂದವಳು ಊಟಕ್ಕೂ ಕೂರಲಿಲ್ಲ. ಮೇಜಿನ ದೀಪ ಹಾಕಿ, ಚಾರ್ಜರ್ ಸಿಕ್ಕಿಸಿ, ಪವರ್ ಬಟನ್ ಒತ್ತಿ ಹಿಡಿದಳು. ಪರದೆ ಬೆಳಗಿತು. ಕಂಪನಿಯ ಲಾಂಛನ ಬಂತು. ಬಂತು... ಅಲ್ಲೇ ನಿಂತಿತು. ಕತ್ತಲು. ಗ್ರ್‌ರ್. ಮತ್ತೆ ಲಾಂಛನ, ಮತ್ತೆ ಕತ್ತಲು. ಹೊಸಿಲವರೆಗೆ ಬಂದು ಒಳಗೆ ಬಾರದೆ ತಿರುಗಿ ಹೋಗುವ ನೆಂಟರ ಹಾಗೆ.

ಚಾರ್ಜರ್ ಬದಲಿಸಿದಳು. ಕೇಬಲ್ ಬದಲಿಸಿದಳು. ಹಿಂಬದಿ ಬಿಚ್ಚಿ ಬ್ಯಾಟರಿ ಕಿತ್ತು ಮತ್ತೆ ಕೂರಿಸಿದಳು. ಲಾಂಛನ, ಕತ್ತಲು. ಕಂಪ್ಯೂಟರಿಗೆ ಜೋಡಿಸಿದರೆ ಅದು ಗುರುತೇ ಇಲ್ಲವೆಂಬಂತೆ ತೆಪ್ಪಗಿತ್ತು. ಮೆಮೊರಿಯ ಚಿಪ್ಪನ್ನೇ ಕಿತ್ತು ಓದೋಣವೆಂದರೆ ಒಳಗಿನದ್ದಕ್ಕೆಲ್ಲ ಬೀಗ, ಬೀಗದ ಕೀಲಿಯೂ ಅದೇ ಹಲಗೆಯಲ್ಲಿ. ಟ್ಯಾಬ್ ತಾನಾಗಿ ಎದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಳಿಗೆ ಕೋಪ ನೆತ್ತಿಗೇರಿತು. ಯಾರ ಮೇಲೆ ತೋರಿಸುವುದು? ಸ್ಕ್ರೂ ಡಬ್ಬಿಯನ್ನು ಕುಕ್ಕಿದಳು, ಸ್ಕ್ರೂಗಳು ಚೆಲ್ಲಾಡಿದವು. ಅವನ್ನು ಆಯುವ ಕೆಲಸ ಬೇರೆ.

ಕೊನೆಗೆ ಪವರ್ ಬಟನ್ನನ್ನೂ ದನಿ ಏರಿಸುವ ಬಟನ್ನನ್ನೂ ಒಟ್ಟಿಗೆ ಒತ್ತಿ ಹಿಡಿದಳು. ಹಾಗೆ ಮಾಡಿದರೆ ರಿಪೇರಿಯವರಿಗೆಂದೇ ಒಂದು ಕಪ್ಪು ಪರದೆ ಬರುತ್ತದೆ. ಅದರಲ್ಲಿ ಒಂದರ ಕೆಳಗೊಂದು ಸಾಲು. ಎಲ್ಲಕ್ಕಿಂತ ಮೇಲೆ, 'ಮತ್ತೆ ಶುರು ಮಾಡು'. ನಡುವೆ ಒಂದು, 'ಎಲ್ಲ ಅಳಿಸು'. ಅದನ್ನು ಆರಿಸಿದರೆ ಟ್ಯಾಬ್ ಎದ್ದು ಕೂರುತ್ತದೆ ನಿಜ, ಆದರೆ ಒಳಗಿದ್ದದ್ದು ಒಂದೂ ಉಳಿಯುವುದಿಲ್ಲ. ದನಿಯ ಬಟನ್ ಒತ್ತಿದರೆ ಒಂದು ನೀಲಿ ಗೆರೆ ಸಾಲಿನಿಂದ ಸಾಲಿಗೆ ಹತ್ತಿ ಇಳಿಯುತ್ತದೆ. ಬೇಕಾದ ಸಾಲಿನಲ್ಲಿ ನಿಲ್ಲಿಸಿ ಪವರ್ ಒತ್ತಬೇಕು. ಅಷ್ಟೇ ವಿದ್ಯೆ.

ಗೆರೆ ಮೊದಲ ಸಾಲಿನ ಮೇಲಿತ್ತು. ಅವಳ ಬೆರಳು ಪವರ್ ಕಡೆ ಹೋಗುವಷ್ಟರಲ್ಲಿ...

ಟಿಕ್.

ಗೆರೆ ಒಂದು ಸಾಲು ಇಳಿಯಿತು. ಟಿಕ್. ಟಿಕ್. 'ಎಲ್ಲ ಅಳಿಸು' ಎಂಬಲ್ಲಿ ಬಂದು ನಿಂತಿತು.

ಮೇಲೇರಿಸಿದಳು. ಇಳಿಯಿತು. ಮತ್ತೆ ಏರಿಸಿದಳು. ಟಿಕ್, ಟಿಕ್, ಟಿಕ್. ಅದೇ ಸಾಲು. ಬಟನ್ನಿಗೆ ಜಿಡ್ಡು ಹಿಡಿದು ಒಳಕ್ಕೆ ಅಂಟಿಕೊಂಡಿದೆ ಎಂದುಕೊಂಡು ಸ್ಪಿರಿಟ್ ಹಾಕಿ ಉಜ್ಜಿದಳು. ಟಿಕ್, ಟಿಕ್, ಟಿಕ್. ಹೀಗೆ ಎಷ್ಟು ಹೊತ್ತು ಹಗ್ಗಜಗ್ಗಾಟ ನಡೆಯಿತೋ ಅವಳಿಗೇ ಲೆಕ್ಕವಿಲ್ಲ. ಒಮ್ಮೆ ಮಾತ್ರ ಮೊದಲ ಸಾಲಿನಲ್ಲೇ ಪವರ್ ಒತ್ತಲು ಆಯಿತು. ಲಾಂಛನ ಬಂತು... ನಿಂತಿತು... ಮತ್ತೆ ಅದೇ ಕಪ್ಪು ಪರದೆ. ಟಿಕ್.

"ಏನೇ ಬೇಕು ನಿಂಗೆ? ಬಿಡೇ ಸಾಕು!" ಎಂದು ಅವಳು ಟ್ಯಾಬಿನ ಮೇಲೆ ರೇಗಿದಳು.

ಒಳಕೋಣೆಯಲ್ಲಿ ಮಲಗಿದ್ದ ಅವಳ ಅಮ್ಮ ಮಗ್ಗುಲು ಬದಲಿಸಿದ ಸದ್ದು. ನಿದ್ದೆಗಣ್ಣಿನ ದನಿ. "ದೊಡ್ಡೋಳ ಹತ್ರ ಜಗಳ ಆಡ್ಬೇಡ... ಮಲ್ಕೊಳ್ರೇ ಇಬ್ರೂ..."

ಅಮ್ಮ ಕನವರಿಸುತ್ತಿದ್ದಾಳೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು. ಆಗಲೇ ಅವಳಿಗೆ ಒಂದು ವಿಷಯ ಹೊಳೆದದ್ದು. ಬಟನ್ ಅಂಟಿಕೊಂಡಿದ್ದರೆ ಗೆರೆ ಪಟ್ಟಿಯ ಕೊನೆಯವರೆಗೂ ಓಡಬೇಕು. ಓಡಿ, ಮತ್ತೆ ಮೇಲಿನಿಂದ ಶುರುವಾಗಬೇಕು. ಕೆಟ್ಟ ಬಟನ್ನಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದಿಲ್ಲ. ಇದಕ್ಕೆ ಗೊತ್ತಿತ್ತು.

ಅವಳು ಹಠ ಬಿಡುವವಳಲ್ಲ. ತೆರೆದ ಹಿಂಬದಿಯಿಂದ ಚಿಮಟಿಗೆ ಹಾಕಿ ದನಿಯ ಬಟನ್ನುಗಳ ತೆಳು ಪಟ್ಟಿಯನ್ನೇ ಕಿತ್ತು ಪಕ್ಕದ ತಟ್ಟೆಗೆ ಹಾಕಿದಳು. ಈಗ ಗೆರೆ ಹತ್ತಿಸಲೂ ಬಟನ್ ಇಲ್ಲ, ಇಳಿಸಲೂ ಇಲ್ಲ. ಉಳಿದದ್ದು ಪವರ್ ಬಟನ್ ಒಂದೇ. ಕಪ್ಪು ಪರದೆ ಹಾಗೇ ಇತ್ತು, ಗೆರೆ 'ಎಲ್ಲ ಅಳಿಸು' ಸಾಲಿನಲ್ಲೇ. ಟ್ಯಾಬನ್ನು ಒಮ್ಮೆ ಆರಿಸಿ ಹಚ್ಚಿದರೆ ಗೆರೆ ಮೊದಲ ಸಾಲಿಗೆ ಬಂದೀತು ಎಂದು ಪವರ್ ಬಟನ್ನನ್ನು ಉದ್ದಕ್ಕೆ ಒತ್ತಿ ಹಿಡಿದಳು. ಆರಿತು. ಹೊತ್ತಿತು. ಲಾಂಛನ... ಹಿಂದಿನ ಹಾಗೆ ತಾನಾಗಿಯೇ ಕಪ್ಪು ಪರದೆ. ಗೆರೆ ಮೊದಲ ಸಾಲಿನಲ್ಲಿತ್ತು.

ಟಿಕ್.

ಸದ್ದು ಟ್ಯಾಬಿನಿಂದ ಬರಲಿಲ್ಲ. ತಟ್ಟೆಯಿಂದ ಬಂತು.

ಟಿಕ್... ಟಿಕ್. ಯಾವುದಕ್ಕೂ ಜೋಡಿಸಿರದ ಆ ತೆಳು ಪಟ್ಟಿಯ ಬಟನ್ ತಟ್ಟೆಯಲ್ಲಿ ತಾನೇ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಇಲ್ಲಿ ಗೆರೆ ಇಳಿಯುತ್ತಿತ್ತು. ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ತಟ್ಟೆಯ ಕಡೆ ಬಗ್ಗಿ ಪಿಸುಗುಟ್ಟಿದಳು: "ಅಕ್ಕಾ... ಅಳಿಸ್ಬೇಕಾ?"

ಸದ್ದಿಲ್ಲ. ಗೆರೆ ಅಲ್ಲೇ.

"ನಿನ್ನ ದನಿ ಕಣೇ ಅದು. ನಾನು ಒಂದ್ಸಲಾನೂ ಕೇಳಿಲ್ಲ. ಭಾವ ನನ್ನ ಸುಮ್ನೆ ಬಿಡ್ತಾರಾ?"

ಗೆರೆ ಅಲುಗಲಿಲ್ಲ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಬದುಕಿದ್ದಾಗಲೂ ಅಕ್ಕ ಹೀಗೆಯೇ. ಒಂದು ಮಾತು ಹೇಳಿ ಸುಮ್ಮನೆ ಕೂರುವಳು, ನಾವೇ ಸೋಲಬೇಕು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಪವರ್ ಒತ್ತಿದಳು.

ಪರದೆ ಬದಲಾಯಿತು. ಖಚಿತವೇ ಎಂದು ಕೇಳಿತು. ಮೇಲೆ 'ಬೇಡ', ಕೆಳಗೆ 'ಹೌದು'. ಗೆರೆ 'ಬೇಡ'ದ ಮೇಲೆ. ಗೆರೆ ಇಳಿಸಲು ಇವಳ ಬಳಿ ಬಟನ್ ಇಲ್ಲ. ಕೈಕಟ್ಟಿ ಕೂತಳು.

ತಟ್ಟೆಯಲ್ಲಿ ಟಿಕ್ ಎಂದಿತು. ಒಂದೇ ಸಲ, ಮೆಲ್ಲಗೆ.

'ಹೌದು'. ಇವಳು ಪವರ್ ಒತ್ತಿದಳು. ಲಾಂಛನ ಬಂತು, ದಾಟಿ ಹೋಯಿತು. ಬೆಳ್ಳಗಿನ ಪರದೆಯಲ್ಲಿ ಟ್ಯಾಬ್ ಅಂಗಡಿಯಿಂದ ಆಗಷ್ಟೇ ತಂದದ್ದರ ಹಾಗೆ ಕೇಳಿತು: ನಿಮ್ಮ ಭಾಷೆ ಆರಿಸಿ.

ಬೆಳಿಗ್ಗೆ ಬಟನ್ ಪಟ್ಟಿ ಮರಳಿ ಕೂರಿಸಿ, ಅದೇ ಬೆಳ್ಳಗಿನ ಪರದೆಯಲ್ಲೇ ಟ್ಯಾಬನ್ನು ಭಾವನ ಮುಂದಿಟ್ಟಳು. "ಎದ್ದಿದೆ. ಆದ್ರೆ ಒಳಗೆ ಏನೂ ಇಲ್ಲ. ನಾನೇ ಅಳಿಸ್ದೆ," ಎಂದಳು.

"ಯಾರು ಹೇಳಿದ್ರು ನಿಂಗೆ ಅಳಿಸು ಅಂತ?"

ಏನು ಹೇಳುತ್ತಾಳೆ? ಬಾಯಿ ಬಿಟ್ಟರೆ ಹುಚ್ಚಿ ಎನ್ನುತ್ತಾರೆ. ಭಾವ ಬೈಯಲೂ ಇಲ್ಲ. ಟ್ಯಾಬನ್ನು ಬೀರುವಿನ ಮೇಲಕ್ಕೆ ಎಸೆದು, ಗೋಡೆ ಕಡೆ ತಿರುಗಿ ಮಲಗಿದ. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವಳಿಗೆ.

ಸೋಮವಾರ ಅವಳು ಅಂಗಡಿಯ ಷಟರ್ ಎತ್ತುತ್ತಿದ್ದಾಗ ಭಾವ ಬಂದು ನಿಂತ. ಕೈಯಲ್ಲಿ ಟ್ಯಾಬ್. ಮುಖ ತೊಳೆದಿದ್ದ. ಪುಟ್ಟಿಯನ್ನು ಶಾಲೆಗೆ ಬಿಟ್ಟು ಹಾಗೇ ಬಂದನಂತೆ.

"ಇದರಲ್ಲಿ ಅಲಾರಾಂ ನೀನೇ ಇಟ್ಟಿದ್ದಾ?"

"ಯಾವ ಅಲಾರಾಂ?"

"ಬೆಳಿಗ್ಗೆ ಬೀರು ಮೇಲೆ ಬಡ್ಕೊಳ್ಳೋಕೆ ಶುರು ಮಾಡ್ತು. ಕುರ್ಚಿ ಹತ್ತಿ ತೆಗೆದ್ರೆ, ನಿಲ್ಸೋಕೆ ಪರದೆ ಮೇಲೆ ಏನೂ ಇಲ್ಲ. ಭಾಷೆ ಆರಿಸಿ ಅಂತ ಕೇಳ್ತಾ ಕೂತಿದೆ. ಪವರ್ ಒತ್ತಿ ಬಾಯಿ ಮುಚ್ಸೋ ಹೊತ್ತಿಗೆ ನಿದ್ದೆ ಪೂರ್ತಿ ಹಾರಿಹೋಗಿತ್ತು. ತಿರುಗಿ ನೋಡಿದ್ರೆ ಪುಟ್ಟಿ ಬಾಚಣಿಗೆ ಹಿಡ್ಕೊಂಡು ನಿಂತಿದ್ಲು." ಅವನು ಟ್ಯಾಬನ್ನು ಅವಳ ಕೈಗಿಟ್ಟ. "ಜಡೆ ಹಾಕೋಕೆ ಬರ್ಲಿಲ್ಲ ನಂಗೆ. ಹೇಗೋ ಹಾಕ್ದೆ."

ಪುಟ್ಟಿಯೇ ಇಟ್ಟಿರಬೇಕು ಎನ್ನುತ್ತೀರಾ? ಅಷ್ಟೆತ್ತರದ ಬೀರು ಆ ಮಗುವಿಗೆ ಎಟುಕುವುದಿಲ್ಲ. ಎಟುಕಿದರೂ, ಭಾಷೆ ಆರಿಸಿ ಮುಂದೆ ಹೋಗದೆ ಟ್ಯಾಬಿನ ಗಡಿಯಾರ ಮುಟ್ಟಲು ಯಾರಿಂದಲೂ ಆಗುವುದಿಲ್ಲ. ಬೇಕಾದರೆ ಯಾವ ರಿಪೇರಿಯವರನ್ನಾದರೂ ಕೇಳಿ. ಇಲ್ಲ, ಇದೆಲ್ಲ ಬೊಗಳೆ ಎಂದಿರೋ, ನಾಳೆಯೇ ಚಿಕ್ಕಮ್ಮನ ಅಂಗಡಿಗೆ ಹೋಗಿ ಅವಳ ಬಾಯಿಂದಲೇ ಕೇಳಿ. ಒಂದಕ್ಷರ ನಾನು ಸೇರಿಸಿಲ್ಲ.

ಅವಳು ಭಾವನ ಎದುರಿಗೇ ಭಾಷೆ ಆರಿಸಿದಳು. ಮುಂದೆ, ಮುಂದೆ, ಮುಂದೆ ಎಂದು ಒತ್ತುತ್ತ ಗಡಿಯಾರ ತೆರೆದಳು. ಒಂದೇ ಒಂದು ಅಲಾರಾಂ ಇತ್ತು. ಆರು ಗಂಟೆ ಹತ್ತು ನಿಮಿಷ. ಸೋಮವಾರದಿಂದ ಶುಕ್ರವಾರದವರೆಗೆ ಗುರುತು ಹಾಕಿತ್ತು. ಶನಿವಾರಕ್ಕೂ ಭಾನುವಾರಕ್ಕೂ ಹಾಕಿರಲಿಲ್ಲ.