ಇಟ್ಟ ಕಲ್ಲು, ಎತ್ತಿದ ಕಲ್ಲು

ಹೂಂಗುಟ್ಟೋರು ಇದ್ರೆ ಕಥೆ ನಡೀತದೆ, ಇಲ್ದಿದ್ರೆ ನಿಂತಲ್ಲೇ ಕೂತ್ಕೊತದೆ. ಕೈ ಅವರೆಕಾಯಿ ಮೇಲಿರಲಿ, ಕಿವಿ ನನ್ನ ಮೇಲಿರಲಿ. ಲೇ ಚೌಡಿ, ಮೊದಲ ಹೂಂ ನಿಂದು. ಹಾಂ, ಹಂಗೆ.

ಒಂದಾನೊಂದು ಕಾಲ, ಒಂದಾನೊಂದು ದೇಶ. ಓದಿದೋರು ಅದನ್ನ ಐರ್ಲೆಂಡ್ ಅಂತಾರೆ. ನಮ್ಮ ಸೋದರತ್ತೆ ಮಿಷನ್ ಆಸ್ಪತ್ರೇಲಿ ದಾದಿ ಆಗಿದ್ಲಲ್ಲ, ಅಲ್ಲಿದ್ದ ಸಿಸ್ಟರಮ್ಮ ಒಬ್ರು ಆ ದೇಶದೋರು. ಅವರು ಅತ್ತೆಗೆ ಹೇಳಿದ್ದು, ಅತ್ತೆ ನನಗೆ ಹೇಳಿದ್ದು, ನಾನು ನಿಮಗೆ ಹೇಳ್ತಿರೋದು. ಮೂರು ಬಾಯಿ ದಾಟಿ ಬಂದಿದೆ. ಉಪ್ಪು ಖಾರ ಹೆಚ್ಚಾಗಿದ್ರೆ ನನ್ನ ಕೇಳಬೇಡಿ.

ಎಂಥ ದೇಶ ಅದು? ನೆಲವೆಲ್ಲ ಹಸಿರು, ಬೇಲಿಯೆಲ್ಲ ಕಲ್ಲು. ಸೌದೆ ಕಮ್ಮಿ. ಜೌಗು ನೆಲದ ಮಣ್ಣನ್ನೇ ಇಟ್ಟಿಗೆ ಹಂಗೆ ಕೊಯ್ದು, ಒಣಗಿಸಿ, ಒಲೆಗೆ ಹಾಕ್ತಾರೆ. ಮಣ್ಣು ಉರೀತದಾ ಅಂತ ಬಾಯಿ ಬಿಡಬೇಡಿ, ಉರೀತದಂತೆ.

ಅಲ್ಲಿ ಕಡಲ ದಂಡೇಲಿ ಒಂದೂರು. ಊರಲ್ಲಿ ಮುರೀನ್ ಅಂತ ಒಬ್ಬಳು ಕುರುಡಿ, ವಯಸ್ಸಾದೋಳು. ನಾವು ಮುರೀನಜ್ಜಿ ಅನ್ನೋಣ. ಏನವಳ ಕೆಲಸ? ನೆನಪಿಟ್ಕೊಳ್ಳೋದು. ಅದೂ ಒಂದು ಕೆಲಸವಾ ಅಂದ್ರಾ? ಎಲ್ಲಿ, ನಿಮ್ಮ ತಾತನ ತಾತನ ಹೆಸರು ಹೇಳಿ ನೋಡೋಣ. ನೋಡಿ, ಎಲ್ಲರೂ ಮೊರ ನೋಡ್ತಿದೀರಿ.

ಆ ದೇಶದ ದೊಡ್ಡೋರ ಬಾಳೆಲ್ಲ ಅಜ್ಜಿ ನಾಲಿಗೆ ಮೇಲಿತ್ತು. ತೊಗಲಿನ ದೋಣಿ ಹೊಲ್ಕೊಂಡು ಕಾಣದ ಕಡಲಿಗೆ ಹೊರಟ ಸನ್ಯಾಸಿ ಒಬ್ಬ. ‘ನನ್ನ ಹೊದಿಕೆ ಹಾಸಿದಷ್ಟು ನೆಲ ಕೊಡು ಸಾಕು’ ಅಂತ ದೊರೇನ ಕೇಳಿ, ಆ ಹೊದಿಕೇನ ಬಯಲಗಲ ಹಾಸಿದ ತಾಯಿ ಒಬ್ಬಳು. ಹಡಗಿನ ಒಡತಿಯಾಗಿ ಮೆರೆದು, ಪರದೇಶದ ರಾಣಿ ಮುಂದೆ ತಲೆ ಬಗ್ಗಿಸದೆ ನಿಂತ ಗಟ್ಟಿಗಿತ್ತಿ ಒಬ್ಬಳು. ವರ್ಷಕ್ಕೊಂದು ದಿನ, ಕೊಯ್ಲು ಶುರುವಾಗೋ ಹೊತ್ತಿಗೆ, ಊರೆಲ್ಲ ಗುಡ್ಡದ ಮೇಲೆ ಸೇರೋದು. ಅಜ್ಜಿ ಇವರನ್ನೆಲ್ಲ ಹಾಡೋದು. ಕೊನೆಗೆ ಊರಿಗಾಗಿ ಸತ್ತೋರ ಸರದಿ. ಅವರಿಗೆ ಉದ್ದದ ಹಾಡಿಲ್ಲ. ಹೆಸರು, ಆಮೇಲೆ ಎರಡೇ ಮಾತು: “ಇಟ್ಟ, ಎತ್ತಲಿಲ್ಲ.”

ಏನಿಟ್ಟ, ಏನೆತ್ತಲಿಲ್ಲ? ಇಲ್ಲೇ ಇರೋದು ಕಥೆ, ಕೇಳಿ. ಯುದ್ಧಕ್ಕೆ ಹೊರಡೋ ಗಂಡಸು ತನ್ನ ಮನೆಯಿಂದ ಒಂದು ಕಲ್ಲು ತಂದು ಗುಡ್ಡದ ಬುಡದ ರಾಶಿಗೆ ಇಡಬೇಕು. ಬದುಕಿ ಬಂದ್ರೆ ತನ್ನ ಕಲ್ಲು ತಾನು ಎತ್ಕೊಂಡು ಹೋಗಿ, ಬಾಗಿಲ ಪಕ್ಕದ ಗೋಡೆಗೆ ಕೂರಿಸಬೇಕು. ರಾಶೀಲಿ ಎಷ್ಟು ಕಲ್ಲು ಉಳೀತೋ ಅಷ್ಟು ಜನ ಸತ್ತರು ಅಂತ. ಲೆಕ್ಕಕ್ಕೆ ಲೆಕ್ಕ, ಸಮಾಧಿಗೆ ಸಮಾಧಿ.

ಆ ಊರಲ್ಲಿ ಲೋರ್ಕನ್ ಅಂತ ಒಬ್ಬ ಅಂಬಿಗ. ಅವನ ಹೆಂಡತಿ ಎತ್ನಾ, ಐದು ತಿಂಗಳ ಬಸುರಿ. ದೋಣಿ ನಿಲ್ಲಿಸೋಕೆ ಅವನ ಹತ್ರ ಒಂದು ಕಲ್ಲಿತ್ತು. ಸಣ್ಣ ಕುಂಬಳಕಾಯಿ ಗಾತ್ರ, ನಡುವೆ ಹಗ್ಗ ಪೋಣಿಸೋ ತೂತು. ಅವರಪ್ಪನ ಕಾಲದ ಕಲ್ಲು, ಹಗ್ಗ ಉಜ್ಜಿ ಉಜ್ಜಿ ತೂತು ನುಣ್ಣಗಾಗಿತ್ತು. ಮುರೀನಜ್ಜಿ ದೋಣಿ ಹತ್ತಿದಾಗಲೆಲ್ಲ ಆ ಕಲ್ಲಿನ ಪಕ್ಕಾನೇ ಕೂರೋಳು, ತೂತಿಗೆ ಹೆಬ್ಬೆರಳು ತೂರಿಸ್ಕೊಂಡು. “ಅಲೆ ಬಂದ್ರೆ ಹಿಡ್ಕೊಳ್ಳೋಕೆ ಒಂದು ಆಸರೆ ಕಣೋ ಲೋರ್ಕನ್” ಅನ್ನೋಳು.

ಒಂದು ಮುಂಜಾನೆ ಕಡಲ ಕಡೆಯಿಂದ ದರೋಡೆಕೋರರು ಬಂದ್ರು. ಮೂವತ್ತು ಜನ ಗಂಡಸರು ಎದ್ದರು, ಮೂವತ್ತು ಕಲ್ಲು ಇಟ್ಟರು. ಲೋರ್ಕನ್ ತನ್ನ ದೋಣಿ ಕಲ್ಲೇ ಹೊತ್ತು ತಂದ. ಊರಿಗೆ ದೊರೆ ಫರ್ಗಲ್ ಅಂತ. ಅವನೇನಂದ ಗೊತ್ತಾ? “ನೀವು ಮುಂದೆ ನಡೀರಪ್ಪ. ನನ್ನ ಕಲ್ಲು ದೊಡ್ಡದು, ಹೊತ್ತು ತರೋಕೆ ಹೊತ್ತಾಗುತ್ತೆ. ಹಿಂದೇನೇ ಬಂದೆ.”

ದೊರೆ ಮಾತು ಅಂತ ಇವರು ನಡೆದ್ರು. ಮಂಜು ಬೇರೆ, ಪಕ್ಕದೋನು ಕಾಣ್ತಿರಲಿಲ್ಲ. ಕಡಲ ದಂಡೇಲಿ ಮಧ್ಯಾಹ್ನದ ತನಕ ಬಡಿದಾಡಿದ್ರು. ಕಳ್ಳರು ಓಡಿದ್ರು, ಊರು ಉಳೀತು. ಆದ್ರೆ ನೀರು ಏರಿ ಬಂತು. ಬಿದ್ದೋರನ್ನೆಲ್ಲ ಕಡಲು ಎಳ್ಕೊಂಡು ಹೋಯ್ತು, ಒಂದು ಹೆಣವೂ ಸಿಗಲಿಲ್ಲ.

ಹತ್ತೊಂಬತ್ತು ಜನ ಗುಡ್ಡದ ಬುಡಕ್ಕೆ ವಾಪಸ್ ಬಂದ್ರು. ನೋಡಿದ್ರೆ ಫರ್ಗಲ್ ಆಗಲೇ ಅಲ್ಲಿದ್ದ. ಮೈಯೆಲ್ಲ ಕೆಸರು, ಕಂಕುಳಲ್ಲಿ ಕಂಬಳಿ ಸುತ್ತಿದ ದೊಡ್ಡ ಕಲ್ಲು. “ಆ ಕಡೆ ದಂಡೇಲಿ ಒಬ್ಬನೇ ಆರು ಜನರನ್ನ ಓಡಿಸಿ ಬಂದೆ” ಅಂದ. ಯಾರೂ ನೋಡಿಲ್ಲ. ಮಂಜಲ್ಲವಾ, ನಂಬಿದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಎಲ್ಲಾ ದೇಶದಲ್ಲೂ ಇರ್ತಾರೆ.

ಹತ್ತೊಂಬತ್ತು ಜನ ತಂತಮ್ಮ ಕಲ್ಲು ಎತ್ಕೊಂಡ್ರು. ಆಮೇಲೆ ಹೆಂಗಸರು ಬಂದ್ರು. ಬಾರದೆ ಹೋದೋರು ಹನ್ನೊಂದು ಜನ. ಒಬ್ಬಳು ಒಲೆಗುಂಡು ಗುರುತು ಹಿಡಿದು ತಬ್ಕೊಂಡು ಅತ್ತಳು. ಒಬ್ಬಳು ಬೇಲಿಕಲ್ಲು ಗುರುತು ಹಿಡಿದ್ಲು. ಹಿಂಗೇ ಹತ್ತು ಹೆಂಗಸರು, ಹತ್ತು ಕಲ್ಲು. ಎತ್ನಾ ರಾಶಿ ಹತ್ರ ಬಂದ್ಲು. ಉಳಿದ ಹತ್ತೂ ಕಲ್ಲು ಹತ್ತು ಹೆಂಗಸರ ಮಡಿಲಲ್ಲಿ, ರಾಶಿ ಎಲ್ಲಿದೆ? ಬರೀ ನೆಲ. ಮಣ್ಣಲ್ಲಿ ಕೈಯಾಡಿಸಿದ್ಲು, ಹುಲ್ಲು ಸರಿಸಿದ್ಲು. ಗಂಡ ಬಂದಿಲ್ಲ. ಗಂಡನ ಕಲ್ಲೂ ಇಲ್ಲ.

ಅಯ್ಯೋ, ಆ ಹೊತ್ತು! ಎತ್ನಾ ಅಳಲಿಲ್ಲ. ಅಳೋಕೂ ಒಂದು ಕಲ್ಲು ಬೇಕಲ್ಲವಾ? ಎದ್ದು ನಿಂತು ಜನರ ಮುಖ ನೋಡಿದ್ಲು. ಜನರ ಮುಖ ಆಗಲೇ ಬದಲಾಗಿತ್ತು.

“ಕಲ್ಲು ಇಲ್ಲ ಅಂದ್ರೆ ಎತ್ಕೊಂಡಿದಾನೆ. ಎತ್ಕೊಂಡಿದಾನೆ ಅಂದ್ರೆ ಬದುಕಿದಾನೆ. ಬದುಕಿ ಮನೆಗೆ ಬಂದಿಲ್ಲ ಅಂದ್ರೆ ಓಡಿಹೋಗಿದಾನೆ” ಅಂದ್ರು.

“ಓಡೋನು ದೋಣಿ ಬಿಟ್ಟು ಓಡ್ತಾನಾ?” ಅಂದ್ಲು ಎತ್ನಾ.

“ದೋಣಿ ಹೊತ್ಕೊಂಡು ಕಾಡಿಗೆ ಹೋಗೋಕಾಗ್ತದಾ?” ಅಂದ್ರು.

ಬಿದ್ದೋರ ಮೇಲೆ ಆಳಿಗೊಂದು ಕಲ್ಲು ಅಂತಾರಲ್ಲ, ಹಂಗಾಯ್ತು. ಅತ್ತೇನೇ ಬಾಗಿಲು ಹಾಕ್ಕೊಂಡ್ಲು. ಹೆತ್ತ ತಾಯಿ ಕಣ್ರೀ, ಲೋರ್ಕನ್ನ ಹೆತ್ತೋಳು. “ರಣಹೇಡಿ ನನ್ನ ಮಗನಲ್ಲ, ಅವನ ಹೆಂಡತಿ ನನ್ನ ಸೊಸೆಯಲ್ಲ” ಅಂದ್ಲು. ನಾನಂತೂ ಈ ಮಾತು ಕೇಳಿದಾಗ ಕಥೆ ಹೇಳ್ತಿದ್ದ ನಮ್ಮ ಸೋದರತ್ತೆ ಮೇಲೇ ರೇಗಿದ್ದೆ, ಹಿಂಗೂ ಉಂಟಾ ಅಂತ.

ಎತ್ನಾಗೆ ಹೆಣ್ಣುಮಗು ಹುಟ್ಟಿತು. ಆ ದೇಶದಲ್ಲಿ ಹೆಣ್ಣನ್ನ ಇಂಥೋನ ಮಗಳು ಅಂತಲೇ ಕರೆಯೋದು. ಓಡಿಹೋದೋನ ಹೆಸರನ್ನ ಮಗುವಿಗೆ ಸೇರಿಸೋ ಹಂಗಿಲ್ಲ. ಎತ್ನಾ ಮುರೀನಜ್ಜಿ ಗುಡಿಸಲಿಗೆ ಹೋದ್ಲು. “ಅಜ್ಜಿ, ನನ್ನ ಗಂಡ ಸತ್ತಿದಾನೆ. ಕೊಯ್ಲಿನ ದಿನ ಅವನ ಹೆಸರು ಹೇಳಿ. ನನ್ನ ಮಗಳಿಗೆ ಅಪ್ಪ ಬೇಕು.”

“ಹೆಂಗೆ ಹೇಳಲಿ ಮಗಳೇ? ಸತ್ತ ಹತ್ತೂ ಜನರ ಕಲ್ಲು ಹೊಟ್ಟೆ ಮೇಲಿಟ್ಕೊಂಡು, ಕತ್ತಲ ಕೋಣೇಲಿ ಒಂದೊಂದು ಹಗಲು ಮಲಗಿ, ಆಮೇಲೆ ಹೆಸರು ಹೇಳಿದೋಳು ನಾನು. ಕಲ್ಲಿಲ್ಲದೆ ಹೆಸರಿಲ್ಲ. ಹಿಂದಿನೋರು ಹಾಕಿದ ಕಟ್ಟು” ಅಂದ್ಲು ಅಜ್ಜಿ.

ಮೊದಲ ಕೊಯ್ಲು ಬಂತು. ಹತ್ತು ಹೆಸರು ಹೇಳಿದ್ಲು, ಲೋರ್ಕನ್ ಹೆಸರಿಲ್ಲ. ಎರಡನೇ ಕೊಯ್ಲು ಬಂತು. ಹತ್ತು ಹೆಸರು, ಲೋರ್ಕನ್ ಹೆಸರಿಲ್ಲ. ಎತ್ನಾ ತಾನೇ ಹುಟ್ಟು ಹಾಕಿ ದೋಣಿ ನಡೆಸ್ತಿದ್ಲು, ಕಲ್ಲಿನ ಬದಲು ಮರಳಿನ ಚೀಲ ಕಟ್ಕೊಂಡು. ಊರಿನೋರು ಸುತ್ತು ಹಾಕಿ ನಡೆದು ಹೋಗೋರೇ ಹೊರತು ಆ ದೋಣಿ ಹತ್ತೋರಲ್ಲ. ಪರಸ್ಥಳದೋರು ಹತ್ತಿದ್ರೆ ಗಂಜಿ, ಇಲ್ಲದಿದ್ರೆ ಇಲ್ಲ.

ಇತ್ತ ಫರ್ಗಲ್ ಕಥೆ ನೋಡಿ. ಬಾಗಿಲ ಪಕ್ಕ ಕಲ್ಲು ಕೂರಿಸಿದ್ದ, ಮೇಲೆ ದಪ್ಪಗೆ ಸುಣ್ಣ ಬಳಿದಿದ್ದ. ಬಂದೋರೆಲ್ಲ ಅದಕ್ಕೆ ತಲೆ ಬಾಗಿಸೋರು. ಅಷ್ಟಕ್ಕೆ ಸಾಲದು ಅವನಿಗೆ. ದೊಡ್ಡೋರ ಹಾಡಲ್ಲಿ ತನ್ನ ಹೆಸರೂ ಬರಬೇಕು! ಸನ್ಯಾಸಿ, ಆ ತಾಯಿ, ಹಡಗಿನ ಒಡತಿ, ಆಮೇಲೆ ಫರ್ಗಲ್.

ಮೊದಲ ವರ್ಷ ಕೇಳಿದ. “ಬದುಕಿರೋರನ್ನ ಹಾಡೋ ಪದ್ಧತಿ ಇಲ್ಲ ದೊರೆ” ಅಂದ್ಲು ಅಜ್ಜಿ. ಎರಡನೇ ವರ್ಷ ಎರಡು ಕರೆಯೋ ಹಸು ಕಳಿಸಿದ. ಅಜ್ಜಿ ಹಸುಗಳಿಗೆ ನೀರು ಕುಡಿಸಿ ವಾಪಸ್ ಕಳಿಸಿದ್ಲು. ಮೂರನೇ ವರ್ಷ ತಾನೇ ಬಂದ. “ಗುಡಿಸಲು ಇರೋದು ನನ್ನ ನೆಲದಲ್ಲಿ ಅಜ್ಜಿ. ಹಾಡ್ತೀಯೋ, ಊರು ಬಿಡ್ತೀಯೋ?”

ಅಜ್ಜಿ ಯೋಚನೆ ಮಾಡಿದ್ಲು. ತಾನು ಊರು ಬಿಟ್ರೆ ಸತ್ತೋರ ಹೆಸರು ಹೇಳೋರು ಯಾರು? “ಆಯ್ತು ದೊರೆ, ನಿನ್ನ ಹೆಸರು ಹಾಡಿಗೆ ಸೇರಿಸ್ತೀನಿ. ಮಾತು ಕೊಟ್ಟೆ. ಆದ್ರೆ ನಿನ್ನ ಕಲ್ಲು ನನ್ನ ಹೊಟ್ಟೆ ಮೇಲೆ ಬರಬೇಕು” ಅಂದ್ಲು.

ಫರ್ಗಲ್ ಒಂದು ಗಳಿಗೆ ತಬ್ಬಿಬ್ಬಾದ. ಬೇರೆ ಕಲ್ಲು ಕೊಡೋ ಹಂಗಿಲ್ಲ, ಊರೆಲ್ಲ ನೋಡಿದ ಕಲ್ಲು. ಆಮೇಲೆ ಅಂದ್ಕೊಂಡ, ಸುಣ್ಣ ಗಟ್ಟಿಯಾಗಿದೆ, ಕುರುಡಿಗೇನು ಕಾಣುತ್ತೆ? ಮೂರು ವರ್ಷ ಹೇಳಿದ ಸುಳ್ಳು ಹೇಳಿದೋನಿಗೇ ನಿಜ ಅನ್ನಿಸಿಬಿಡ್ತದೆ.

ಕೊಯ್ಲಿನ ದಿನ ಬೆಳಗ್ಗೆ ವಾದ್ಯ ಸಮೇತ ಕಲ್ಲು ಬಂತು. ಅಜ್ಜಿ ಕೋಣೇಲಿ ಮಲಗಿದ್ಲು, ಕಲ್ಲು ಹೊಟ್ಟೆ ಮೇಲೇರಿತು, ಬಾಗಿಲು ಹಾಕಿದ್ರು. ಸುಣ್ಣ ಒರಟು, ಹೊಟ್ಟೆಗೆ ಚುಚ್ಚುತ್ತೆ. ಅಜ್ಜಿ ಉಗುರಲ್ಲಿ ಒಂಚೂರು ಕೆರೆದ್ಲು. ಚಕ್ಕೆ ಉದುರಿತು. ಇನ್ನೊಂಚೂರು ಕೆರೆದ್ಲು. ಒಳಗಡೆ ಮೆತ್ತನೆ ಜೇಡಿಮಣ್ಣು. ಮತ್ತೊಂಚೂರು ಕೆರೆದ್ಲು. ಹೆಬ್ಬೆರಳು ಸಲೀಸಾಗಿ ಒಳಗೆ ಹೋಯ್ತು.

ಅಜ್ಜಿ ಬೆರಳು ಒಳಗೇ ಆಡಿಸಿದ್ಲು. ಆ ನುಣುಪು ಅವಳಿಗೆ ಗೊತ್ತಿಲ್ಲವಾ? ಎಷ್ಟು ಸಲ ಅದನ್ನೇ ಹಿಡ್ಕೊಂಡು ಅಲೆ ದಾಟಿದ್ಲು! ಕತ್ತಲಲ್ಲಿ ಮಲಗಿದ್ದೋಳು ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. ಕಲ್ಲು ಸಿಕ್ಕಿದ್ದಕ್ಕಲ್ಲ. ಎರಡು ವರ್ಷ ತಾನು ನುಂಗಿದ ಹೆಸರಿಗೆ.

ತೂತಿನ ಮಣ್ಣೆಲ್ಲ ಕೆರೆದು ತೆಗೆದು, ಹಗಲು ಮುಗಿಯೋಕೂ ಕಾಯದೆ, ಹೊತ್ತು ನೆತ್ತಿಗೆ ಬಂದಾಗಲೇ ಅಜ್ಜಿ ಹೊರಗೆ ಬಂದ್ಲು. ಕಲ್ಲನ್ನ ಸೆರಗಲ್ಲಿ ಮುಚ್ಚಿ ತಬ್ಕೊಂಡಿದ್ಲು, ಯಾರ ಕೈಗೂ ಕೊಡಲಿಲ್ಲ. “ಎತ್ನಾನ ಕರೀರಿ” ಅಂದ್ಲು. ಜನ ಗುಸುಗುಸು ಅಂದ್ರು. ಎತ್ನಾ ಮಗು ಎತ್ಕೊಂಡು ಬಂದು ದೂರ ನಿಂತ್ಲು. ಫರ್ಗಲ್ ಮುಂದಿನ ಸಾಲಲ್ಲಿ ಕುರಿತೊಗಲು ಹಾಸ್ಕೊಂಡು ಕೂತಿದ್ದ, ಮೀಸೆ ಮೇಲೆ ಕೈ.

ಅಜ್ಜಿ ದೊಡ್ಡೋರನ್ನೆಲ್ಲ ಹಾಡಿದ್ಲು. ಆಮೇಲೆ ಅಂದ್ಲು, “ಈಗ ಈ ಕಲ್ಲಿನೋನ ಹಾಡು.”

“ಅಲೆ ಎದ್ದಾಗ ಮುದುಕರನ್ನ ಮೊದಲು ದಡ ಸೇರಿಸಿದೋನು” ಅಂದ್ಲು. ಜನ ತಲೆಯಾಡಿಸಿದ್ರು. “ಬಡವರು ಬಂದ್ರೆ ಕೈ ನೋಡದೆ ಹುಟ್ಟು ಎತ್ತಿದೋನು” ಅಂದ್ಲು. ಜನ ಮುಖ ಮುಖ ನೋಡ್ಕೊಂಡ್ರು. ನಮ್ಮ ದೊರೆ ಹುಟ್ಟು ಹಾಕಿದ್ದು ಯಾವಾಗ? “ಹೆರಿಗೆ ಹೆಂಗಸಿಗೆ ದೋಣೀಲಿ ತನ್ನ ಕಂಬಳಿ ಹಾಸಿದೋನು” ಅಂದ್ಲು. ಸೆರಗು ತೆಗೆದ್ಲು. ಕಲ್ಲನ್ನ ಎರಡೂ ಕೈಲಿ ಎತ್ತಿ ಹಿಡಿದ್ಲು.

ತೂತಿನ ಆಚೆ ಬಿಸಿಲು ಕಾಣ್ತಿತ್ತು.

ಹಿಂದಿನ ಸಾಲಿನೋರು ಕತ್ತು ಚಾಚಿ ನೋಡಿದ್ರು.

“ಆ ತೂತು ನಾನು ಮುಚ್ಚಿದ್ದಲ್ಲ” ಅಂದ ಫರ್ಗಲ್.

ಯಾರಾದ್ರೂ ಕೇಳಿದ್ರಾ ಅವನನ್ನ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇರಲಿಲ್ಲ.

ಬದುಕಿ ಬಂದ ಹತ್ತೊಂಬತ್ತು ಜನರಲ್ಲಿ ಒಬ್ಬ ಎದ್ದ. “ದೊರೆ, ಇದು ಲೋರ್ಕನ್ ಕಲ್ಲು. ಹಂಗಾದ್ರೆ ನಿಮ್ಮ ಕಲ್ಲು ಎಲ್ಲಿ?”

ಲೋರ್ಕನ್ ತಾಯಿ ಎದ್ದಳು. “ನಿಮ್ಮ ಕಲ್ಲು ಎಲ್ಲಿ?”

ಎತ್ನಾ ಮಗು ಇಳಿಸಿ ಮುಂದೆ ಬಂದ್ಲು. ಮೂರು ವರ್ಷ ತಗ್ಗಿದ್ದ ತಲೆ ಎತ್ತಿ ಕೇಳಿದ್ಲು. “ನಿಮ್ಮ ಕಲ್ಲು ಎಲ್ಲಿ ದೊರೆ?”

ಎಲ್ಲಿರುತ್ತೆ? ಇಟ್ಟಿದ್ರೆ ತಾನೇ ಇರೋದು. ಮೂವತ್ತು ಜನ ನಡೆದ ಮೇಲೆ ಪುಣ್ಯಾತ್ಮ ಜೌಗಿನ ಗುಂಡೀಲಿ ಬಚ್ಚಿಟ್ಕೊಂಡಿದ್ದ. ಸದ್ದಡಗಿದ ಮೇಲೆ ಬಂದು, ಮನೆಯಿಂದ ಕಲ್ಲು ತರೋಕೆ ಹೊತ್ತಿಲ್ಲದೆ, ದೊಡ್ಡ ಕಲ್ಲು ಅಂದಿದ್ದೆನಲ್ಲ ಅಂತ ರಾಶೀಲಿ ಇದ್ದ ದೊಡ್ಡ ಕಲ್ಲನ್ನೇ ಎತ್ಕೊಂಡ. ಸತ್ತೋನ ಸಾವನ್ನೇ ಕದ್ದ ಕಣ್ರೇ. ಬೆಳೆ ಕದ್ದೋರು ಗೊತ್ತು, ದನ ಕದ್ದೋರು ಗೊತ್ತು. ಸಾವು ಕದ್ದೋನನ್ನ ನಾನು ಈ ಕಥೇಲಿ ಬಿಟ್ರೆ ಎಲ್ಲೂ ಕೇಳಿಲ್ಲ.

ಮುರೀನಜ್ಜಿ ಕಲ್ಲನ್ನ ಎತ್ನಾ ಕೈಗೆ ಕೊಟ್ಟು ಮಂಡಿಯೂರಿದ್ಲು. “ನಾನೂ ತಪ್ಪು ಮಾಡಿದೆ ಮಗಳೇ. ಕಟ್ಟು ಅಂದೆ, ಪದ್ಧತಿ ಅಂದೆ. ನಿನ್ನ ಮಾತು ನಂಬಲಿಲ್ಲ.”

“ನಂಬಲಿಲ್ಲ ಅಜ್ಜಿ” ಅಂದ್ಲು ಎತ್ನಾ. ಪರವಾಗಿಲ್ಲ ಅನ್ನಲಿಲ್ಲ. ಯಾಕನ್ನಬೇಕು? “ಈಗ ಹೇಳಿ.”

ಅಜ್ಜಿ ಎದ್ದು ನಿಂತು ಗುಡ್ಡಕ್ಕೆಲ್ಲ ಕೇಳೋ ಹಂಗೆ ಹೇಳಿದ್ಲು. “ಲೋರ್ಕನ್. ಇಟ್ಟ, ಎತ್ತಲಿಲ್ಲ.”

ಆಗ ಅತ್ತಳು ನೋಡಿ ಎತ್ನಾ. ಮೂರು ವರ್ಷದ ಅಳು, ಕಲ್ಲು ತಬ್ಕೊಂಡು ಅತ್ತಳು. ಮಗು ಕಲ್ಲಿನ ತೂತಿಗೆ ಬೆರಳು ತೂರಿಸ್ತಾ ಕೇಳಿತು, “ಯಾರಮ್ಮ ಅದು?” “ನಿಮ್ಮಪ್ಪ” ಅಂದ್ಲು. ಅವತ್ತಿಂದ ಆ ಮಗು ಲೋರ್ಕನ್ ಮಗಳು.

ಫರ್ಗಲ್ ಮೆಲ್ಲಗೆ ಜಾಗ ಬಿಡೋಕೆ ಎದ್ದ. “ನಿಲ್ಲು ದೊರೆ” ಅಂದ್ಲು ಅಜ್ಜಿ. “ನಿನ್ನ ಹೆಸರು ಸೇರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಮಾತಿಗೆ ತಪ್ಪೋಳಲ್ಲ ನಾನು.” ಫರ್ಗಲ್ ಬೇಡ ಬೇಡ ಅಂತ ಕೈಯಾಡಿಸಿದ. ಅಜ್ಜಿಗೆಲ್ಲಿ ಕಾಣಬೇಕು, ಕುರುಡಿ.

ಆ ಅಜ್ಜಿ ಸತ್ತು ಎಷ್ಟೋ ತಲೆಮಾರಾಯ್ತು. ಇವತ್ತಿಗೂ ಕೊಯ್ಲಿನ ದಿನ ಆ ಗುಡ್ಡದ ಮೇಲೆ ಹನ್ನೊಂದು ಹೆಸರು ಹೇಳ್ತಾರಂತೆ: ಇಟ್ಟ, ಎತ್ತಲಿಲ್ಲ. ಇಟ್ಟ, ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಕೊನೇಲಿ ಒಂದು ಹೆಸರು, ಎಳೆಮಕ್ಕಳಿಗೂ ಬಾಯಿಪಾಠ:

“ಫರ್ಗಲ್. ಇಡಲಿಲ್ಲ, ಎತ್ತಿದ.”

ಅವರ ಕಲ್ಲು ಅವರ ಗುಡ್ಡದಲ್ಲಿ, ನಮ್ಮ ಅವರೆ ನಮ್ಮ ಮೊರದಲ್ಲಿ. ಕಥೆ ನಾನು ಇಟ್ಟೆ, ಎತ್ಕೊಂಡು ಹೋಗೋರು ಯಾರ ಕಥೆ ಅಂತ ಹೇಳಿ ಎತ್ಕೊಳ್ಳಿ.