ಕೆಮ್ಮು ತೆಗೆದ ತಟ್ಟೆ

ರಾತ್ರಿ ಹನ್ನೊಂದೂಕಾಲು. ಬೀದಿಯ ತಿರುವಿನಲ್ಲಿ ಒಂದು ಹಳೇ ಬಾವಿ. ಅದರ ಬಾಯಿಗೆ ಕಬ್ಬಿಣದ ಜಾಲರಿ ಬಡಿದು ಎಷ್ಟೋ ವರ್ಷಗಳಾಗಿವೆ, ಒಳಗೆ ನೀರಿದೆಯೋ ಇಲ್ಲವೋ ಇಣುಕಿ ನೋಡಿದವರಿಲ್ಲ. ತಟ್ಟೆ ಅದನ್ನು ದಾಟಿ ನಾಲ್ಕು ಹೆಜ್ಜೆ ಹೋಗಿದ್ದನೋ ಏನೋ... ಹಿಂದಿನಿಂದ ಕೆಮ್ಮು ಕೇಳಿಸಿತು.

ಖುಕ್. ಖುಕ್. ಒಂದು ಗಳಿಗೆ ತಡೆದು... ಖ್ರ್ರ್ರ್ಹ್.

ಎರಡು ಗಿಡ್ಡ, ಒಂದು ಉದ್ದ. ಉದ್ದದ್ದರ ಬಾಲದಲ್ಲಿ ಒದ್ದೆ ಕಾಗದ ಹರಿದಂಥ ಸದ್ದು.

ತಿರುಗಿ ನೋಡಿದ. ಬೀದಿದೀಪ, ಜಾಲರಿ, ಜಾಲರಿಯ ನೆರಳು. ಮನುಷ್ಯ ಅಂತ ಯಾರೂ ಇಲ್ಲ.

ಬರೀ ಕೆಮ್ಮಾಗಿದ್ದರೆ ಅವನು ಹೆದರುತ್ತಿರಲಿಲ್ಲ. ಆ ಕೆಮ್ಮು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಗಂಟೆಗೆ ಮುಂಚೆ ತನ್ನ ಕೈಯಾರೆ ಅದನ್ನು ಅಳಿಸಿ ಬಂದಿದ್ದ.

ತಟ್ಟೆ ಅಂದರೆ ನನ್ನ ದೊಡ್ಡಮ್ಮನ ಮಗ. ಅವನಿಗೊಂದು ಹೆಸರಿದೆ, ಮದುವೆಯ ಪತ್ರಿಕೆಯ ಆಚೆಗೆ ಅದನ್ನು ಯಾರೂ ಬಳಸಿದ್ದಿಲ್ಲ. ಕೆಲಸ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವುದು. ಸದ್ದು ನುಗ್ಗದ ಕೋಣೆಯಲ್ಲಿ ಜನರನ್ನು ಕೂರಿಸಿ, ಗಾಜಿನ ಈಚೆಯಿಂದ ಅವರ ಕಿವಿಗೆ ‘ಪೀಂ’ ಅನ್ನಿಸಿ, ‘ಕೇಳಿಸಿದರೆ ಗುಂಡಿ ಒತ್ತಿ’ ಅನ್ನುವುದು. ಬಂದ ಸಂಬಳದಲ್ಲಿ ಅರ್ಧ ಜಾಜ್ ಸಂಗೀತದ ಗ್ರಾಮಫೋನ್ ತಟ್ಟೆಗಳಿಗೆ ಹೋಗುತ್ತಿತ್ತು, ಅಡ್ಡಹೆಸರು ಬಂದದ್ದೂ ಅದರಿಂದಲೇ. ಹೆಂಡತಿ ಮೊದಮೊದಲು ಜಗಳ ಆಡಿದಳು, ಆಮೇಲೆ ತಮಾಷೆಗಿಳಿದಳು.

“ಅದೇ ಹಾಡು, ಅದೇ ಐದು ಜನ. ಇದು ನಿನ್ನ ಹತ್ತಿರ ಇದೆಯಲ್ಲೋ?”

“ಅದು ಎರಡನೇ ಮುದ್ರಣ ಕಣೇ. ಇದು ಮೊದಲನೇದು. ಲೇಬಲ್ಲಿನ ಅಂಚು ನೋಡು, ಬಣ್ಣವೇ ಬೇರೆ.”

“ನನ್ನ ಮುಖವನ್ನ ಯಾವತ್ತಾದರೂ ಹೀಗೆ ದೀಪ ಹಿಡಿದು ನೋಡಿದ್ದೀಯಾ?”

ಕೊಳ್ಳುವುದಷ್ಟೇ ಸಾಲದೆ, ಎಲ್ಲೂ ಸಿಗದ ಹಳೇ ಧ್ವನಿಮುದ್ರಣಗಳನ್ನು ಹುಡುಕಿ, ತೊಳೆದು ಶುದ್ಧ ಮಾಡಿ, ಮುನ್ನೂರು ಪ್ರತಿ ಮರುಮುದ್ರಣ ಮಾಡಿಸುವ ಚಟವೂ ಅಂಟಿಕೊಂಡಿತ್ತು. ಆಸ್ಪತ್ರೆ ಖಾಲಿಯಾದ ಮೇಲೆ ಅದೇ ಪರೀಕ್ಷೆಯ ಕೋಣೆಯಲ್ಲಿ ಕೆಲಸ. ಆ ಊರಲ್ಲೇ ಅದಕ್ಕಿಂತ ಮೌನವಾದ ಜಾಗ ಇನ್ನೊಂದಿಲ್ಲ.

ಒಂದು ತಟ್ಟೆಗಾಗಿ ಅವನು ಒಂಬತ್ತು ವರ್ಷ ಅಲೆದಿದ್ದ. ಯಾವುದೋ ಹೋಟೆಲಿನ ನೆಲಮಾಳಿಗೆಯಲ್ಲಿ ಐದು ಜನ ಒಂದು ರಾತ್ರಿ ನುಡಿಸಿದ್ದು. ಅಚ್ಚಾದದ್ದಲ್ಲ, ಅಲ್ಯೂಮಿನಿಯಂ ಮೇಲೆ ಅರಗು ಬಳಿದು ಅಲ್ಲೇ ಕೊರೆದದ್ದು, ಲೋಕಕ್ಕೆಲ್ಲ ಒಂದೇ ಪ್ರತಿ. ಅಂಥದ್ದನ್ನು ಹತ್ತು ಹದಿನೈದು ಸಲ ನುಡಿಸಿದರೆ ಮುಗಿಯಿತು, ಮುಳ್ಳು ಹೋದಷ್ಟು ಸಲವೂ ಸಂಗೀತವನ್ನು ಕೆರೆದು ತಿನ್ನುತ್ತದೆ. ಆಳೆತ್ತರದ ಬಾಸ್ ಪಿಟೀಲು ನುಡಿಸುತ್ತಿದ್ದವನ ಹೆಂಡತಿಯ ಹತ್ತಿರ ಅದಿತ್ತು. ಎಂಬತ್ತು ದಾಟಿದ ಅಜ್ಜಿ. ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದಳು.

“ನನ್ನ ಗಂಡ ನುಡಿಸಿದ್ದನ್ನ ನಾಲ್ಕು ಜನ ಕೇಳಲಿ. ತಗೊಂಡು ಹೋಗಪ್ಪ. ಒಂದು ಮಾತು... ಮಧ್ಯೆ ಒಬ್ಬ ಕೆಮ್ಮುತ್ತಾನೆ. ಅವನನ್ನ ಮುಟ್ಟಬೇಡ.”

“ಯಾರಜ್ಜಿ ಅವನು?”

“ಯಾರಾದರೇನು. ಅಲ್ಲೇ ಕೂತಿರಲಿ.” ಅಜ್ಜಿ ದನಿ ಇಳಿಸಿದಳು. “ಅಲ್ಲಿಂದ ಎಬ್ಬಿಸಿದರೆ ಎಲ್ಲಿಗೆ ಹೋಗ್ತಾನೆ ಹೇಳು?”

ತಟ್ಟೆ ತಲೆಯಾಡಿಸಿದ. ಕೈಯಲ್ಲಿ ಆ ಡಿಸ್ಕ್ ಇದ್ದಾಗ ಕಿಡ್ನಿ ಕೇಳಿದ್ದರೂ ತಲೆಯಾಡಿಸುತ್ತಿದ್ದ.

ಒಂದೇ ಒಂದು ಸಲ ಮುಳ್ಳಿಟ್ಟು ಕಂಪ್ಯೂಟರಿಗೆ ಇಳಿಸಿಕೊಂಡ. ನಾಲ್ಕು ರಾತ್ರಿ ಚಿಟಿಚಿಟಿ, ಸುಯ್ ಅನ್ನುವ ಸದ್ದುಗಳನ್ನೆಲ್ಲ ಆರಿಸಿ ತೆಗೆದ. ಮೂರನೇ ನಿಮಿಷ ದಾಟಿ ಹನ್ನೆರಡು ಸೆಕೆಂಡಿಗೆ ಆ ಕೆಮ್ಮು. ಅದೂ ಎಲ್ಲಿ? ಉಳಿದ ನಾಲ್ವರು ನಿಲ್ಲಿಸಿ, ಬಾಸ್ ಒಂದೇ ಮೆಲ್ಲಗೆ ಕೆಳಗಿಳಿಯುತ್ತಾ ಹೋಗುವಲ್ಲಿ! ಇನ್ನೂ ಐವತ್ತು ವರ್ಷ ಜನ ಇದನ್ನು ಕೇಳಬೇಕಾ? ಅಜ್ಜಿಗೆ ಹೇಗೂ ಕಿವಿ ಮಂದ, ಎಷ್ಟು ಮಂದ ಅಂತ ಮಾತಾಡುವಾಗಲೇ ಅಳೆದುಬಿಟ್ಟಿದ್ದ. ಐದನೇ ರಾತ್ರಿ ಅಳಿಸಿದ. ನುಣ್ಣಗೆ. ಹೊಲಿಗೆ ಕಾಣದ ಹಾಗೆ.

ಅವತ್ತೇ ಬಾವಿಯ ಹತ್ತಿರ ಅದು ಕೇಳಿಸಿದ್ದು.

ಮನೆಗೆ ಬಂದು ಬಾಗಿಲು ಹಾಕಿಕೊಂಡ. ಬೆಳಗ್ಗೆ ಹೆಂಡತಿ ಹಲ್ಲುಜ್ಜುತ್ತಾ ಕೆಮ್ಮಿದಳು. ಖುಕ್. ಖುಕ್... ಖ್ರ್ರ್ರ್ಹ್.

ತಟ್ಟೆಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

ನಾಲ್ಕನೇ ದಿನಕ್ಕೆ ಅವಳ ಗಂಟಲು ಕಟ್ಟಿತು. ಆರನೇ ದಿನಕ್ಕೆ ಮೆಟ್ಟಿಲು ಹತ್ತಲಾಗಲಿಲ್ಲ. ಎಕ್ಸ್-ರೇ ಚೊಕ್ಕವಾಗಿತ್ತು, ರಕ್ತ ಸರಿಯಾಗಿತ್ತು. ಡಾಕ್ಟರು ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಎಂಟನೇ ರಾತ್ರಿ ಕತ್ತಲಲ್ಲಿ ಅವಳು ಪಿಸುಗುಟ್ಟಿದಳು.

“ರಾತ್ರಿ ನನ್ನ ತಲೆ ಹತ್ತಿರ ಕೂರಬೇಡ್ವೋ. ಭಯ ಆಗುತ್ತೆ.”

“ನಾನೆಲ್ಲಿ ಕೂತಿದ್ದೀನಿ? ನಿನ್ನ ಪಕ್ಕದಲ್ಲೇ ಮಲಗಿದ್ದೀನಲ್ಲ.”

ಅವಳು ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು. ಆಮೇಲೆ...

“ಮತ್ತೆ ಕುರ್ಚಿ ಯಾಕೆ ಕಿರ್ ಅನ್ನುತ್ತೆ?”

ದೀಪ ಹಾಕಿದ. ಯಾವಾಗಲೂ ಕಿಟಕಿಯ ಕೆಳಗಿರುವ ಕುರ್ಚಿ ಅವಳ ದಿಂಬಿನ ಪಕ್ಕದಲ್ಲಿತ್ತು.

ಬೆಳಗಾಗುವುದನ್ನೂ ಕಾಯದೆ ಆಸ್ಪತ್ರೆಗೆ ಓಡಿದ. ಶುದ್ಧ ಮಾಡುವವರಿಗೆ ಒಂದು ಪದ್ಧತಿ ಇದೆ, ತೆಗೆದ ಕಸವನ್ನು ಬಿಸಾಡುವುದಿಲ್ಲ. ಕಸದ ಜೊತೆ ಸಂಗೀತವೂ ಹೋಗಿದೆಯಾ ಎಂದು ನೋಡಲು ಅದನ್ನು ಬೇರೆಯಾಗಿ ಇಟ್ಟುಕೊಂಡು ಕೇಳುತ್ತಾರೆ. ತಟ್ಟೆ ಕಿವಿಗೆ ಹೆಡ್‌ಫೋನ್ ಹಾಕಿ ಆ ಕಸ ನುಡಿಸಿದ. ಚಿಟ್. ಚಿಟಿಚಿಟಿ. ಸುಯ್ಯ್. ಮೂರು ನಿಮಿಷ ಹನ್ನೆರಡು ಸೆಕೆಂಡು... ಏನೂ ಇಲ್ಲ. ಕೈಯಾರೆ ತೆಗೆದು ಹಾಕಿದ್ದ ಕೆಮ್ಮು ಅಲ್ಲಿಲ್ಲ.

ಮೊದಲು ಇಳಿಸಿಕೊಂಡ ಪ್ರತಿ ಕೇಳಿದ. ಅದರಲ್ಲೂ ಇಲ್ಲ.

ಕೊನೆಗೆ ಅಜ್ಜಿಯ ಮೂಲ ಡಿಸ್ಕಿನ ಮೇಲೆಯೇ ಮುಳ್ಳಿಟ್ಟ. ಬಾಸ್ ಮೆಲ್ಲಗೆ ಕೆಳಗಿಳಿಯಿತು. ನಿರ್ಮಲವಾಗಿ, ಅಡ್ಡಿಯಿಲ್ಲದೆ, ಅವನು ಬಯಸಿದ್ದ ಹಾಗೆಯೇ.

ಬಾಗಿಲು ತೆರೆದ ಅಜ್ಜಿ ಅವನ ಮುಖ ನೋಡಿ ಒಳಗೆ ಬಾ ಅನ್ನಲಿಲ್ಲ.

“ಎಬ್ಬಿಸಿದೆಯಾ?”

“ತಪ್ಪಾಯ್ತಜ್ಜಿ.”

“ಅವನನ್ನ ಯಾರೂ ಕರೆದಿರಲಿಲ್ಲ ಕಣಪ್ಪ. ಇವರು ಎಲ್ಲಿ ನುಡಿಸಿದರೂ ಹಿಂದಿನ ಸಾಲಲ್ಲಿ ಆ ಕೆಮ್ಮು. ತಿರುಗಿ ನೋಡಿದರೆ ಖಾಲಿ ಕುರ್ಚಿ. ಮೊದಲಿದ್ದ ಡ್ರಮ್ಮಿನವನಿಗೆ ಹಿಡೀತು, ಹನ್ನೆರಡು ದಿನಕ್ಕೆ ಮುಗಿದ. ಬದಲಿ ಹುಡುಕಿಕೊಂಡು ಆ ಡಿಸ್ಕ್ ಕೊರೆದರು. ಅವನನ್ನ ಹಿಡಿದಿಡೋಕೆ ಅಂತ ಅಲ್ಲ, ಹಾಗಾಗಿ ಹೋಯ್ತು. ಆಮೇಲೆ ಹೊರಗೆಲ್ಲೂ ಕೇಳಿಸಲಿಲ್ಲ. ನಿನ್ನವಳಿಗೆ ಎಷ್ಟು ದಿನ?”

“ಇವತ್ತಿಗೆ ಒಂಬತ್ತು.”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಆವತ್ತು ತಾನಾಗಿ ಹೋಗಿ ಕೂತ. ಈಗ ಹೊರಗಿನ ರುಚಿ ಹತ್ತಿದೆ, ಒಬ್ಬನೇ ಹೋಗಲ್ಲ. ಯಾರಾದರೂ ಮೊದಲು ಒಳಗೆ ಕೂತು ಕರೀಬೇಕು.”

“ಒಳಗೆ ಅಂದರೆ... ಹೇಗಜ್ಜಿ?”

ಅವಳು ಅವನ ಗಂಟಲನ್ನೇ ನೋಡುತ್ತಾ ನಿಂತಳು. ನೋಡಿ ನೋಡಿ ಬಾಗಿಲು ಹಾಕಿಕೊಂಡಳು.

ಅವತ್ತು ರಾತ್ರಿ ಮತ್ತೆ ಅದೇ ಕೋಣೆ. ಇಷ್ಟು ದಿನ ಪರೀಕ್ಷೆಗೆ ಬಂದವರು ಕೂರುತ್ತಿದ್ದ ಜಾಗದಲ್ಲಿ ತಟ್ಟೆ ಕೂತ. ಎದುರಿಗೆ ಮೈಕು. ದಪ್ಪ ಬಾಗಿಲು ‘ದುಪ್’ ಎಂದು ಮುಚ್ಚಿತು. ಮೊದಲು ಇಳಿಸಿಕೊಂಡ ಪ್ರತಿಯನ್ನೇ ಹೆಡ್‌ಫೋನಿನಲ್ಲಿ ನುಡಿಸುತ್ತಾ ಕಾದ. ಆ ಸಂಗೀತದ ಮೇಲೆಯೇ ಕೊಠಡಿಯ ಸದ್ದೆಲ್ಲ ಮೈಕಿನಿಂದ ಕಂಪ್ಯೂಟರಿನಲ್ಲಿ ಅಚ್ಚಾಗುತ್ತಿತ್ತು. ಐದೂ ಜನ ನುಡಿಸಿದರು. ನಾಲ್ವರು ನಿಲ್ಲಿಸಿದರು. ಬಾಸ್ ಇಳಿಯತೊಡಗಿತು...

ತಟ್ಟೆ ಕೆಮ್ಮಿದ. ಒಂದೇ ಸಲ.

ಕೋಣೆಯಲ್ಲಿ ಬೇರೇನೂ ಕೇಳಿಸಲಿಲ್ಲ. ಅಚ್ಚಾದದ್ದನ್ನು ಮತ್ತೆ ಮೊದಲಿಂದ ನುಡಿಸಿದ. ಬಾಸ್. ಅವನ ಕೆಮ್ಮು. ಅದರ ಬೆನ್ನಿಗೇ, ಅವನ ಕೆಮ್ಮಿಗಿಂತ ಮೈಕಿಗೆ ಹತ್ತಿರದಲ್ಲಿ... ಖುಕ್. ಖುಕ್. ಖ್ರ್ರ್ರ್ಹ್.

ಆಮೇಲೆ ಕುರ್ಚಿ ಕಿರ್ ಅಂತು, ಯಾರೋ ಆರಾಮಾಗಿ ಒರಗಿ ಕೂತ ಹಾಗೆ. ಒಂದಲ್ಲ... ಎರಡು ಕುರ್ಚಿ.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಡಬ್ಬಿ ತಡಕುತ್ತಿದ್ದಳು. ಗಂಟಲು ಕಟ್ಟಿದ ಮೇಲೆ ಮೊದಲ ಸಲ ದನಿ ಬಿಟ್ಟು ಮಾತಾಡಿದಳು.

“ಎಲ್ಲಿ ಹಾಳಾಗಿ ಹೋಗಿದ್ದೆ? ಹೊಟ್ಟೆ ಹಸಿದು ಸಾಯ್ತಿದ್ದೀನಿ. ಬ್ರೆಡ್ ಎಲ್ಲಿಟ್ಟಿದ್ದೀಯ?”

ತಟ್ಟೆ ಬಾಗಿಲಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತುಬಿಟ್ಟನಂತೆ. ಇದು ಅವಳೇ ನನಗೆ ಹೇಳಿದ್ದು. ಮಿಕ್ಕದ್ದನ್ನು ಅವನು ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ, ಅವಳು ಮಲಗಿದ್ದಾಗ.

ಆ ಅಚ್ಚನ್ನೇ, ಕೆಮ್ಮು ಮುಟ್ಟದೆ, ಶುದ್ಧ ಮಾಡಿ ಮರುಮುದ್ರಣ ಹೊರತಂದ. ಮುನ್ನೂರೂ ಖರ್ಚಾದವು. ಇಷ್ಟು ಚೆನ್ನಾಗಿ ಶುದ್ಧ ಮಾಡಿದವರಿಗೆ ಮಧ್ಯದಲ್ಲಿ ಕೆಮ್ಮುವ ಇಬ್ಬರನ್ನು ತೆಗೆಯಲಾಗಲಿಲ್ಲವೇ ಎಂದು ಸಂಗ್ರಹಕಾರರು ದೂರಿ ಬರೆದರು. ಅವನು ಎಲ್ಲರಿಗೂ ಒಂದೇ ಸಾಲಿನ ಉತ್ತರ ಕಳಿಸಿದ. ‘ದಯವಿಟ್ಟು ನೀವೂ ತೆಗೆಯಲು ಹೋಗಬೇಡಿ.’

ಹೋದ ತಿಂಗಳು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವಳು ನಮಗೆ ಬೆನ್ನು ಹಾಕಿ ಒಲೆ ಮುಂದೆ ನಿಂತಿದ್ದಳು, ಅವನು ನನ್ನೆದುರು ಕೂತಿದ್ದ. ನೀರು ಕುಡಿಯುವಾಗ ಅವನಿಗೆ ನೆತ್ತಿಗೇರಿತು. ಕಣ್ಣು ಕೆಂಪಾಯಿತು. ಗಂಟಲಿನ ನರ ಉಬ್ಬಿತು. ಬಾಯಿ ಅಷ್ಟಗಲ ತೆರೆದು, ಭುಜ ಕುಲುಕಿಸಿ ಕೆಮ್ಮಿದ... ಕೆಮ್ಮುತ್ತಲೇ ಇದ್ದ. ಅವಳು ತಿರುಗಿ ನೋಡಲಿಲ್ಲ. ಯಾಕೆ ನೋಡುತ್ತಾಳೆ? ಸದ್ದೇ ಇರಲಿಲ್ಲ.

ನಾನು ಎದ್ದು ಹೋಗಿ ಅವನ ನೆತ್ತಿ ತಟ್ಟಿದೆ. ಅಭ್ಯಾಸಬಲ ನೋಡಿ, ಬಾಯಿಂದ ಮಾತು ಬಂದುಬಿಟ್ಟಿತು: “ಯಾರೋ ನೆನೆಸ್ಕೊಳ್ತಿದ್ದಾರೆ ಕಣೋ.”

ಅವನು ನನ್ನ ಕೈ ಹಿಡಿದುಕೊಂಡು, ಮೆಲ್ಲಗೆ, “ಹೂಂ,” ಅಂದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಎದುರಿಗೆ ಕೂತಿದ್ದವಳು ನಾನು. ಅವನು ಲೋಟ ಕೆಳಗಿಟ್ಟಾಗ ಮೇಜಿಗೆ ತಾಗಿ ‘ಟಕ್’ ಅಂದದ್ದು ಕೇಳಿಸಿತು. ಒಲೆಯ ಮೇಲೆ ಎಣ್ಣೆ ಚುರುಗುಟ್ಟಿದ್ದು ಕೇಳಿಸಿತು. ಅವನ ಕೆಮ್ಮು ಮಾತ್ರ ಕೇಳಿಸಲಿಲ್ಲ.